ಅಕಾರಾ

ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರ ನುಡಿಯಲ್ಲಿ ‘ಅಕಾರಾ’ ಎಂದರೆ ಅಲಸಂದೆ ಕಾಳಿನ ವಡೆ. ಕಾಳು ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಈರುಳ್ಳಿ, ಮೆಣಸಿನಕಾಯಿ ಸೇರಿಸಿ ರುಬ್ಬುತ್ತಾರೆ. ಆಮೇಲಿನ ಕೆಲಸವೇ ಮುಖ್ಯ: ಗಾಳಿ ಸೇರುವಂತೆ ಹಿಟ್ಟನ್ನು ಚೆನ್ನಾಗಿ ಬಡಿಯಬೇಕು. ನಮ್ಮ ಉದ್ದಿನ ವಡೆಯ ಹಿಟ್ಟಿನ ಹಾಗೆ, ಹಗುರಾದರೆ ಮಾತ್ರ ಅದು ಎಣ್ಣೆಯಲ್ಲಿ ಉಬ್ಬುತ್ತದೆ. ಬೆಳಗಿನ ಹೊತ್ತು ಮೆಕ್ಕೆಜೋಳದ ಹುಳಿಗಂಜಿ ‘ಓಗಿ’ಯ ಜೊತೆ ತಿನ್ನುವುದು ರೂಢಿ.

ಗುಲಾಮರನ್ನಾಗಿ ಮಾಡಿ ಹಡಗು ಹತ್ತಿಸಿದ ಜನರೊಂದಿಗೆ ಈ ಪದ ಬ್ರೆಜಿಲ್‌ನ ಬಹಿಯಾ ಸೇರಿತು. ಅಲ್ಲಿ ಅದು ‘ಅಕರಾಜೆ’. ಯೊರುಬಾದಲ್ಲಿ ‘ಜೆ’ ಎಂದರೆ ತಿನ್ನು. ಮಾರುವವರ ಕೂಗಿನಿಂದ ಈ ರೂಪ ಬಂತೆಂಬುದು ಪ್ರಚಲಿತ ವಿವರಣೆ. ಸಾಲ್ವಡಾರ್ ನಗರದ ಬೀದಿಗಳಲ್ಲಿ ಬಿಳಿ ಉಡುಪಿನ ಹೆಂಗಸರು ಇದನ್ನು ಕೆಂಪು ತಾಳೆ ಎಣ್ಣೆಯಲ್ಲಿ ಕರಿದು, ನಡುವೆ ಸೀಳಿ, ಒಣಸಿಗಡಿಯನ್ನೂ ಬೆಂಡೆಕಾಯಿಯ ಪಲ್ಯವನ್ನೂ ತುಂಬಿ ಕೊಡುತ್ತಾರೆ. ಕಾಂದೊಂಬ್ಲೆ ಪಂಥದವರಿಗೆ ಇದು ಬಿರುಗಾಳಿಯ ದೇವತೆ ಇಯಾನ್ಸಾಳ ನೈವೇದ್ಯ. 2005ರಲ್ಲಿ ಬ್ರೆಜಿಲ್ ಸರ್ಕಾರ ಈ ಹೆಂಗಸರ ಕಸುಬನ್ನು ರಾಷ್ಟ್ರೀಯ ಪರಂಪರೆಯೆಂದು ದಾಖಲಿಸಿತು. ಬಹಳ ತಡವಾಗಿ ಸಂದ ಗೌರವವಿದು.

ಹಾಗಾದರೆ ಅಸಲಿ ಯಾವುದು? ಲಾಗೋಸ್‌ನಿಂದ ಬಂದವರಿಗೆ ಸಾಲ್ವಡಾರಿನದು ಹೊಟ್ಟೆಗೆ ಭಾರ ಅನ್ನಿಸಬಹುದು. ಎರಡೂ ಅಸಲಿಯೇ ಎನ್ನುತ್ತೇನೆ ನಾನು. ಕಾಳು ನೆನೆಸಿ ರುಬ್ಬುವ ಕ್ರಮವನ್ನು ಎರಡೂ ಕಡೆಯವರು ಕೈಬಿಟ್ಟಿಲ್ಲ. ನೈಜೀರಿಯನ್ನರು ಹೆಚ್ಚಾಗಿರುವ ಲಂಡನ್ನಿನ ಪೆಕ್ಕಮ್‌ನಂಥ ಬಡಾವಣೆಗಳಲ್ಲಿ ಅಲಸಂದೆ ಹಿಟ್ಟಿನ ಪ್ಯಾಕೆಟ್ಟೂ ಸಿಗುತ್ತದೆ. ಅಂಥಲ್ಲಿ ಅಕಾರಾ ಕೊಂಡರೆ ಮೊದಲು ಮುರಿದು ನೋಡಿ: ಒಳಗೆ ಹಗುರವಾಗಿ, ಸಣ್ಣ ಸಣ್ಣ ತೂತುಗಳಿಂದ ಕೂಡಿರಬೇಕು.