ಡೋಗಿ ಬರ: ಅರ್ಧ ವಾಕ್ಯದ ಓದು, ಸ್ಮಾರಕದ ಜಾಗ

1791-92ರ ಡೋಗಿ ಬರದಲ್ಲಿ ಸತ್ತವರಿಗೆ ಧಾರವಾಡದಲ್ಲಿ ಸ್ಮಾರಕ ಕಟ್ಟುವುದಾದರೆ, ಕಲ್ಲು ಕೆತ್ತುವ ಮೊದಲು ಒಂದು ಓದನ್ನು ತಿದ್ದಬೇಕು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಧಾರವಾಡ ಗ್ಯಾಸೆಟಿಯರ್ (1884) ಈ ಬರಕ್ಕೆ ಎರಡು ಕಾರಣ ಕೊಡುತ್ತದೆ: ಸಾಲುಸಾಲಾಗಿ ಕೈಕೊಟ್ಟ ವರ್ಷಗಳು, ಅವುಗಳ ಮೇಲೆ ಪರಶುರಾಮ ಭಾವೂನ ಮರಾಠಾ ದಂಡಿನ ಲೂಟಿ. ನಂತರದವರು ಮೊದಲರ್ಧವನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟರು. ಪರಿಸರ ಇತಿಹಾಸಕಾರ ರಿಚರ್ಡ್ ಗ್ರೋವ್ 1998ರಲ್ಲಿ 1789-93ರ ಎಲ್ ನಿನೊ ಎಂಬ ಹವಾಮಾನ ವೈಪರೀತ್ಯದ ಕುರಿತು ಬರೆದ ಮೇಲಂತೂ ಬರವೆಂದರೆ ಬರೀ ಮಳೆಯ ಕಥೆಯಾಯಿತು. ತಪ್ಪು ಗ್ರೋವ್ ಅವರದಲ್ಲ. ಅವರು ನೋಡಿದ್ದು ಜಗತ್ತಿನ ಹವಾಮಾನವನ್ನು. ಅದನ್ನು ಹಾಗೇ ತಂದು ಧಾರವಾಡಕ್ಕೆ ಹೊದಿಸಿದವರು ಇಲ್ಲಿನ ಹಗೇವನ್ನು ಮರೆತರು.

ಬಯಲುಸೀಮೆಯ ರೈತ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಕಾದಿಡುತ್ತಿದ್ದುದೇ ಮಳೆಯನ್ನು ನಂಬದ ಕಾರಣಕ್ಕೆ. ಒಂದೆರಡು ಮಳೆಗಾಲ ಹೋದರೂ ತಡೆದುಕೊಳ್ಳುವ ಏರ್ಪಾಟು ಅದು. ಬೀಡುಬಿಟ್ಟ ದಂಡಿನೆದುರು ಮಾತ್ರ ಅದು ನಡೆಯದು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಧಾರವಾಡದ ಕೋಟೆಗೆ ಮುತ್ತಿಗೆ ಬಿದ್ದಿತ್ತು. ಒಳಗೆ ಟಿಪ್ಪು ಸುಲ್ತಾನನ ಸೇನಾನಿ ಬದ್ರುಜ್ಜಮಾನ್ ಖಾನ್. ಹೊರಗೆ ಪರಶುರಾಮ ಭಾವೂನ ಸೈನ್ಯ, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಅಚ್ಚು ಹಾಕಿಸಿದ ವೃತ್ತಾಂತವನ್ನು ಯುದ್ಧದ ಪುಸ್ತಕವೆಂದು ಬದಿಗಿಟ್ಟು ಬರದ ಇತಿಹಾಸ ಬರೆಯುವುದು ನನಗಂತೂ ಸೋಮಾರಿತನವೆನಿಸುತ್ತದೆ. ಅರ್ಧ ವರ್ಷಕ್ಕೂ ಮಿಕ್ಕಿ ಒಂದೇ ಸೀಮೆಯಲ್ಲಿ ನಿಂತ ಆಳು, ಕುದುರೆ, ಎತ್ತುಗಳು ತಿಂದದ್ದು ಯಾರ ಕಾಳು, ಯಾರ ಮೇವು? ಹುಬ್ಬಳ್ಳಿ, ಡಂಬಳ, ಕಲಘಟಗಿಯ ಕಡೆ ಜನ ಎಲೆ ತಿಂದು ಬದುಕಿದರೆಂಬ ಗ್ಯಾಸೆಟಿಯರಿನ ಮಾತನ್ನು ಈ ಪ್ರಶ್ನೆಯ ಪಕ್ಕದಲ್ಲಿಟ್ಟು ಓದಬೇಕು.

ಮುತ್ತಿಗೆ ಕಾಣದ ಊರುಗಳಲ್ಲೂ ಜನ ಸಾಯಲಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಸತ್ತರು, ಮಳೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಡೋಗಿ ಬರವೆಂಬ ಹೆಸರನ್ನು ಗಮನಿಸಿ. ಹೂಳದೆ ಬಿಟ್ಟ ಹೆಣಗಳ ತಲೆಬುರುಡೆಗಳಿಂದ ಬಂದ ಹೆಸರೆಂದು ಗ್ಯಾಸೆಟಿಯರ್ ವಿವರಿಸುತ್ತದೆ, ಅದನ್ನು ಸಾವಿನ ಲೆಕ್ಕವೆಂದಷ್ಟೇ ನೋಡುವ ವಾಡಿಕೆ ಬೆಳೆದಿದೆ. ಸತ್ತವರು ಎಷ್ಟೇ ಇರಲಿ, ಹೂಳುವವರಿದ್ದರೆ ಬುರುಡೆ ಬಯಲಿಗೆ ಬೀಳುವುದಿಲ್ಲ. ಜನರ ನೆನಪಿನಲ್ಲಿ ನಿಂತದ್ದು ಮಣ್ಣು ಕೊಡುವವರು ಇಲ್ಲವಾದದ್ದು: ಸತ್ತೋ, ಊರು ಬಿಟ್ಟೋ, ಗುದ್ದಲಿ ಎತ್ತುವ ತ್ರಾಣ ಸಾಲದೆಯೋ.

ಹೀಗಾಗಿ ಗೋಪುರ, ಕಾರಂಜಿ, ಪುತ್ಥಳಿ ಯಾವುದೂ ಈ ಬರಕ್ಕೆ ಒಪ್ಪುವುದಿಲ್ಲ. ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡು ಇದು. ಹಸಿದು ಸತ್ತವರಿಗೆ ಬಾಕಿ ಇರುವುದು ಹಿಡಿ ಮಣ್ಣು. ಬಂದವರು ತಾವೇ ಮಣ್ಣು ಹಾಕಿ ಹೋಗುವಂಥ, ಫರಸಿ ಹಾಸದ ಒಂದು ತೆರೆದ ನೆಲ ಸಾಕು. ಅದರ ಜಾಗ ಮುತ್ತಿಗೆ ಕಂಡ ಕೋಟೆಯ ಬಳಿಯೇ ಆಗಬೇಕು, ಫಲಕದಲ್ಲಿ ಮಳೆಯ ಜೊತೆಗೆ ದಂಡಿನ ಹೆಸರೂ ಇರಬೇಕು. ಆ ಕೋಟೆಯಲ್ಲಿ ಈಗ ಉಳಿದಿರುವುದು ಬಾಗಿಲು ಮಾತ್ರ.