ಬದಲಾಗುವುದನ್ನು ಬೇರೆಯಿಡುವ ವಿದ್ಯೆ: ಪಾಲ್ ಕ್ಲೆಮೆಂಟ್ಸ್ ಅವರ ವೃತ್ತಿಜೀವನದ ಒಂದು ಅಧ್ಯಯನ

ಪಾಲ್ ಕ್ಲೆಮೆಂಟ್ಸ್ ಅವರನ್ನು ಹೆಚ್ಚಿನ ಓದುಗರು ಬಲ್ಲದ್ದು ಎರಡು ಪುಸ್ತಕಗಳ ಮೂಲಕ. ಒಂದು, ಲೆನ್ ಬಾಸ್ ಮತ್ತು ರಿಕ್ ಕಾಜ್ಮನ್ ಅವರೊಡನೆ 1998ರಲ್ಲಿ ತಂದ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಪಠ್ಯ. ಇನ್ನೊಂದು, ಲಿಂಡಾ ನಾರ್ಥ್ರಪ್ ಅವರೊಡನೆ 2001ರಲ್ಲಿ ಬರೆದ, ಒಂದೇ ಬುನಾದಿಯ ಮೇಲೆ ಹಲವು ಉತ್ಪನ್ನ ಕಟ್ಟುವ ಪ್ರಾಡಕ್ಟ್ ಲೈನ್ ವಿಧಾನದ ಗ್ರಂಥ. ಇವನ್ನಷ್ಟೇ ನೋಡಿದರೆ, ಆರ್ಕಿಟೆಕ್ಚರ್ ತಜ್ಞರೊಬ್ಬರು ಮುಂದೆ ಪ್ರಾಡಕ್ಟ್ ಲೈನಿನತ್ತ ಹೊರಳಿದರು ಅನ್ನಿಸುತ್ತದೆ. ಪ್ರಸ್ತುತ ಲೇಖನ ಇದನ್ನು ಒಪ್ಪುವುದಿಲ್ಲ. ಎರಡರ ಬೇರೂ ಒಂದೇ. ಅದು ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ, ಯುದ್ಧವಿಮಾನವೊಂದರ ತಂತ್ರಾಂಶವನ್ನು ಹೊಸದಾಗಿ ಕಟ್ಟಲು ಹೊರಟ ಯೋಜನೆಯಲ್ಲಿದೆ.

ಆ ಯೋಜನೆಯ ಹಿಂದಿದ್ದವರು ಡೇವಿಡ್ ಪಾರ್ನಾಸ್. ತಂತ್ರಾಂಶವನ್ನು ಕೆಲಸದ ಹಂತಗಳ ಪ್ರಕಾರ ತುಂಡು ಮಾಡಬಾರದು, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲಿನೊಳಗೆ ಮುಚ್ಚಿಡಬೇಕು ಎಂದು ಅವರು 1972ರಲ್ಲಿ ವಾದಿಸಿದ್ದರು. 1976ರ ಲೇಖನದಲ್ಲಿ ಇನ್ನೂ ಮುಂದೆ ಹೋಗಿ ಪ್ರೋಗ್ರಾಂಗಳನ್ನು ಕುಟುಂಬಗಳೆಂದು ಕಂಡರು: ಬಿಡಿ ಪ್ರೋಗ್ರಾಂಗಳ ವ್ಯತ್ಯಾಸಕ್ಕಿಂತ ಮೊದಲು ಅವುಗಳ ಸಮಾನ ಗುಣಗಳನ್ನು ಅಭ್ಯಾಸ ಮಾಡುವುದು ಲಾಭದಾಯಕವಾದರೆ ಅದು ಕುಟುಂಬ. ಇವೆರಡೂ ಕಾಗದದ ಮೇಲಿನ ಮಾತುಗಳಾಗಿದ್ದವು. ನಿಜವಾದ, ಬಿಗಿ ಸಮಯಮಿತಿಯ, ಕಿರಿದಾದ ಮೆಮೊರಿಯ ಯಂತ್ರದಲ್ಲಿ ಇವು ನಿಲ್ಲುತ್ತವೆಯೇ ಎಂಬುದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಎ-7ಇ ದಾಳಿ ವಿಮಾನದ ಹಾರಾಟ ತಂತ್ರಾಂಶವನ್ನು.

ಕ್ಲೆಮೆಂಟ್ಸ್ ಇಲ್ಲಿ ಪಳಗಿದರು. ತಂಡ ಇಡೀ ತಂತ್ರಾಂಶವನ್ನು ಮೂರು ದೊಡ್ಡ ಭಾಗ ಮಾಡಿತು. ಯಂತ್ರಾಂಶ ಬದಲಾದರೆ ಬದಲಾಗುವುದು ಒಂದರಲ್ಲಿ. ವಿಮಾನ ಹೇಗೆ ವರ್ತಿಸಬೇಕೆಂಬ ಬೇಡಿಕೆ ಬದಲಾದರೆ ಬದಲಾಗುವುದು ಇನ್ನೊಂದರಲ್ಲಿ. ತಂತ್ರಾಂಶ ಬರೆಯುವವರೇ ತಮ್ಮ ಅನುಕೂಲಕ್ಕೆ ಕೈಗೊಂಡ ನಿರ್ಧಾರಗಳು ಮೂರನೆಯದರಲ್ಲಿ. ಯಾವ ಬದಲಾವಣೆ ಎಲ್ಲಿ ಅಡಗಿದೆ ಎಂದು ಹೊಸಬರಿಗೂ ತಿಳಿಯುವಂತೆ ಮಾಡ್ಯೂಲ್ ಕೈಪಿಡಿಯೊಂದು ಸಿದ್ಧವಾಯಿತು. ಪಾರ್ನಾಸ್, ಕ್ಲೆಮೆಂಟ್ಸ್, ಡೇವಿಡ್ ವೈಸ್ ಮೂವರೂ ಸೇರಿ 1985ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ವಿವರಿಸುತ್ತದೆ. ನನ್ನ ವಾದಕ್ಕೆ ಬಲವಾದ ಸಾಕ್ಷ್ಯ ಸಿಗುವುದು ಇಲ್ಲಿಯೇ. ಮೂವರಲ್ಲಿ ಕ್ಲೆಮೆಂಟ್ಸ್ ಒಬ್ಬರೇ ಪ್ರಾಡಕ್ಟ್ ಲೈನಿಗೆ ಬಂದಿದ್ದರೆ ಅದನ್ನು ಆಕಸ್ಮಿಕ ಎನ್ನಬಹುದಿತ್ತು. ಆದರೆ ವೈಸ್ ಕೂಡ ಬೇರೊಂದು ದಾರಿಯಲ್ಲಿ, ಬೆಲ್ ಲ್ಯಾಬ್ಸ್ ಮೂಲಕ, ಅಲ್ಲಿಗೇ ಬಂದು 1999ರಲ್ಲಿ ಅದೇ ವಿಷಯದ ಗ್ರಂಥದ ಸಹಲೇಖಕರಾದರು. ಬದಲಾಗುವುದನ್ನು ಮೊದಲೇ ಗುರುತಿಸಿ ಬೇರೆಯಿಟ್ಟರೆ, ಉಳಿದದ್ದು ಹಲವು ಉತ್ಪನ್ನಗಳ ಸಾಮಾನ್ಯ ಆಸ್ತಿಯಾಗುತ್ತದೆ. ಒಂದು ವಿಮಾನಕ್ಕೆ ಮಾಡಿದ ಈ ಲೆಕ್ಕವನ್ನೇ ಹತ್ತು ಉತ್ಪನ್ನಗಳಿಗೆ ಹಾಕಿದರೆ ಪ್ರಾಡಕ್ಟ್ ಲೈನ್.

1994ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಕ್ಲೆಮೆಂಟ್ಸ್, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ಸೇರಿದರು. ಅಲ್ಲಿ ಲೀಸಾ ಬ್ರೌನ್ಸ್‌ವರ್ಡ್ ಅವರೊಡನೆ 1996ರಲ್ಲಿ ಬರೆದ ವರದಿ ಈ ವೃತ್ತಿಜೀವನದ ಮುಖ್ಯ ಘಟ್ಟ. ಸ್ವೀಡನ್ನಿನ ಸೆಲ್ಸಿಯಸ್‌ಟೆಕ್ ಕಂಪನಿಗೆ 1980ರ ದಶಕದ ನಡುವೆ ಸ್ವೀಡನ್ ಮತ್ತು ಡೆನ್ಮಾರ್ಕ್ ನೌಕಾಪಡೆಗಳಿಂದ ಹಡಗಿನ ತಂತ್ರಾಂಶದ ಎರಡು ದೊಡ್ಡ ಗುತ್ತಿಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಹಳೆಯ ರೀತಿಯಲ್ಲಿ ಎರಡನ್ನೂ ಬೇರೆ ಬೇರೆ ಕಟ್ಟುವುದು ಆಗದ ಮಾತು. ಹಾಗಾಗಿ ಒಂದೇ ಆರ್ಕಿಟೆಕ್ಚರಿನ ಮೇಲೆ ಹಡಗಿನಿಂದ ಹಡಗಿಗೆ ಬದಲಾಗುವ ಕುಟುಂಬವನ್ನು ಅಡಾ ಭಾಷೆಯಲ್ಲಿ ಕಟ್ಟಿದರು. ಮೊದಲು ಯಂತ್ರಾಂಶ ಮತ್ತು ತಂತ್ರಾಂಶಗಳ ವೆಚ್ಚದ ಪ್ರಮಾಣ 35:65 ಇತ್ತು. ಅದು 80:20 ಆಯಿತು. ಆದರೆ ವರದಿಯಲ್ಲಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆಯೇ ಎರಡು ಸಂಗತಿ. ಕಂಪನಿ ತನ್ನ ಜನರನ್ನು, ವಿಭಾಗಗಳನ್ನು, ಹೊಣೆಗಾರಿಕೆಯನ್ನು ಮತ್ತೆ ಮತ್ತೆ ಮರುಜೋಡಿಸಬೇಕಾಯಿತು. ಕೋಡ್ ಬದಲಿಸುವುದಷ್ಟೇ ಸಾಲಲಿಲ್ಲ. ಮತ್ತೆ, ಒಂದೊಂದು ಹಡಗಿಗೂ ಹೊಂದಿಸಬೇಕಾದ ಪ್ಯಾರಾಮೀಟರುಗಳು ಸಾವಿರಗಟ್ಟಲೆ ಬೆಳೆದವು.

ಈ ಎರಡನೆಯ ಸಮಸ್ಯೆಯೇ ಅವರ ಮುಂದಿನ ನಡೆಯನ್ನು ಅರ್ಥ ಮಾಡಿಸುತ್ತದೆ. 2002ರಲ್ಲಿ ಐಇಇಇ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ಅವರಿಗೂ ಚಾರ್ಲ್ಸ್ ಕ್ರೂಗರ್ ಅವರಿಗೂ ವಾದ ನಡೆಯಿತು. ಸಾಮಾನ್ಯ ಆಸ್ತಿಯನ್ನು ಮುಂಚೆಯೇ ಯೋಜಿಸಿ ಕಟ್ಟಿದರೆ ಲಾಭ ಎಂದು ಕ್ಲೆಮೆಂಟ್ಸ್. ಅಷ್ಟು ದೊಡ್ಡ ಮುಂಗಡ ಹೂಡಿಕೆಯೇ ಅಡ್ಡಗೋಡೆ, ಇರುವ ಕೋಡಿನಿಂದಲೇ ಸಣ್ಣದಾಗಿ ಆರಂಭಿಸಿ, ವ್ಯತ್ಯಾಸಗಳನ್ನು ಉಪಕರಣವೇ ನಿರ್ವಹಿಸಲಿ ಎಂದು ಕ್ರೂಗರ್. ಸುಮಾರು ಒಂದು ದಶಕದ ಬಳಿಕ ಕ್ಲೆಮೆಂಟ್ಸ್ ಸೇರಿದ್ದು ಅದೇ ಕ್ರೂಗರ್ ಸ್ಥಾಪಿಸಿದ ಬಿಗ್‌ಲಿವರ್ ಕಂಪನಿಯನ್ನು. ಇದನ್ನು ಸೋಲೊಪ್ಪಿಗೆ ಎಂದು ಓದುವುದು ತಪ್ಪಾದೀತು. ಎಲ್ಲಿ ಯಾವುದು ಬದಲಾಗುತ್ತದೆಂಬ ತಿಳಿವಳಿಕೆ ಕೈಪಿಡಿಯಲ್ಲಿ ಬರೆದಿಡುವ ಮಿತಿಯನ್ನು ಮೀರಿದಾಗ ಅದನ್ನು ಉಪಕರಣಕ್ಕೆ ಒಪ್ಪಿಸಲೇಬೇಕಾಗುತ್ತದೆ. ಎ-7ಇ ಕೈಪಿಡಿಯ ಕೆಲಸವನ್ನೇ ಇಲ್ಲಿ ಯಂತ್ರ ಮಾಡುತ್ತಿದೆ.

ಬೆಂಗಳೂರಿನಲ್ಲಿ ಇಂದು ವಾಹನ, ವೈದ್ಯಕೀಯ ಉಪಕರಣ, ವಿಮಾನಗಳ ತಂತ್ರಾಂಶ ಬರೆಯುವ ಎಂಜಿನಿಯರುಗಳು ಮಾದರಿಯಿಂದ ಮಾದರಿಗೆ ಬದಲಾಗುವ ಕೋಡನ್ನೇ ದಿನವೂ ತಿದ್ದುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಅವರನ್ನು ಈ ಕೆಲಸಕ್ಕೆ ಅಣಿಗೊಳಿಸುವುದಾದರೆ, ಮೊದಲು ಓದಿಸಬೇಕಾದ್ದು 1985ರ ಲೇಖನ; 2001ರ ಗ್ರಂಥ ಆಮೇಲೆ.