ಬರಿಗಾಲಿನ ಓಟಗಾರರೂ ವಿದ್ಯಾಲಯದ ಅಂಗಳವೂ

ಮಕ್ಕಳು ಕಾಲೇಜಿನ ಮೆಟ್ಟಿಲೇರಿದೊಡನೆ ಆಟವನ್ನು ಬದಿಗಿಡಬೇಕೆಂಬ ಮಾತು ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಹೊಸತಲ್ಲ. ಆಟ ಓದಿಗೆ ಅಡ್ಡಿ ಎಂಬುದೇ ಈ ಮಾತಿನ ಹಿಂದಿರುವ ನಂಬಿಕೆ. ಇತಿಹಾಸವಾದರೋ ಬೇರೊಂದು ಸಾಕ್ಷ್ಯವನ್ನು ನಮ್ಮ ಮುಂದಿಡುತ್ತದೆ.

ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳೇ ಕ್ರೀಡೆಯ ಅಡಿಪಾಯ ಹಾಕಿದವರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ದೋಣಿ ಸ್ಪರ್ಧೆ 1829ರಲ್ಲಿ ಆರಂಭವಾಯಿತು. 1845ರಿಂದ ಅದು ರಾಜಧಾನಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ, ಸುಮಾರು 6.8 ಕಿ.ಮೀ. ದೂರ ನಡೆಯತೊಡಗಿತು. 1864ರಲ್ಲಿ ಈ ಎರಡು ವಿಶ್ವವಿದ್ಯಾಲಯಗಳ ನಡುವೆ ಓಟ, ಜಿಗಿತಗಳ ಸ್ಪರ್ಧೆಯೂ ಮೊದಲಾಯಿತು.

ಈ ವಾತಾವರಣದಲ್ಲಿ ಕಲಿತವರಲ್ಲಿ ಒಬ್ಬರು ದೊರಾಬ್ಜಿ ಟಾಟಾ. ಕೇಂಬ್ರಿಜಿನಲ್ಲಿ ಆಟದ ರುಚಿ ಕಂಡ ಅವರು, ತಾಯ್ನಾಡಿನ ಯುವಕರಿಗೂ ಅದು ದೊರೆಯಬೇಕೆಂದು ಬಯಸಿದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡು ಅವರು ಬೆರಗಾದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಆರು ಮಂದಿಯ ತಂಡ ಹೊರಟಾಗ ತಮ್ಮ ಹಣವನ್ನೂ ನೀಡಿದರು.

ಆ ಆರು ಜನರಲ್ಲಿ ನಮ್ಮ ನಾಡಿನ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರೂ ಇದ್ದರು. ಬೆಲ್ಜಿಯಂ ತಲುಪುವ ಮುನ್ನ ತಂಡವು ಲಂಡನ್ನಿನಲ್ಲಿ ತಂಗಿ ತರಬೇತಿ ಪಡೆಯಿತು. ಆ ಮ್ಯಾರಥಾನ್ ಓಟದ ದೂರ 42.75 ಕಿ.ಮೀ.; ಒಲಿಂಪಿಕ್ಸ್‌ನ ಮ್ಯಾರಥಾನ್‌ಗಳಲ್ಲೇ ಅತಿ ದೀರ್ಘವಾದದ್ದು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು.

ಓದು ಕೆಡುತ್ತದೆ ಎನ್ನುವವರು ರೋಜರ್ ಬ್ಯಾನಿಸ್ಟರ್ ಅವರನ್ನು ನೆನೆಯಬೇಕು. ಅವರು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯ ವಿದ್ಯಾರ್ಥಿ. ಮಧ್ಯಾಹ್ನದ ಬಿಡುವಿನಲ್ಲಿ ಓಟದ ಅಭ್ಯಾಸ ನಡೆಸುತ್ತಿದ್ದರು. 1954ರ ಮೇ 6ರಂದು ಬೆಳಿಗ್ಗೆ ಆಸ್ಪತ್ರೆಯ ಕೆಲಸ ಮುಗಿಸಿ, ರೈಲಿನಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಸಂಜೆ ಒಂದು ಮೈಲನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದರು. ನಾಲ್ಕು ನಿಮಿಷದೊಳಗೆ ಮೈಲು ಓಡಿದ ದಾಖಲೆ ಅದೇ ಮೊದಲು. ಮುಂದೆ ಅವರು ಹೆಸರಾಂತ ನರರೋಗ ತಜ್ಞರಾದರು.

ಚೌಗುಲೆಯವರು ಓಡಿದಾಗ ನಮ್ಮ ಈ ಮೂರು ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಸಂಸ್ಥಾನದ ಏಕೈಕ ವಿಶ್ವವಿದ್ಯಾಲಯ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ, ದೂರದ ಹೈದರಾಬಾದಿನಲ್ಲಿತ್ತು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ದೊರೆತದ್ದು 1980ರಲ್ಲಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಂತೂ ಇಂದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇದೆ. 2022ರಲ್ಲಿ ದೇಶದ ವಿಶ್ವವಿದ್ಯಾಲಯಗಳ ಖೇಲೋ ಇಂಡಿಯಾ ಕ್ರೀಡಾಕೂಟ ಬೆಂಗಳೂರಿನಲ್ಲೇ ನಡೆಯಿತು.

ಹೀಗೆ ದೂರವಿದ್ದ ಅಂಗಳ ಮನೆಯ ಬಾಗಿಲಿಗೆ ಬಂದಿದೆ. ಭೀಮಾ ತೀರದ ತೊಗರಿ ಹೊಲಗಳಲ್ಲಿ ದುಡಿದು ಗಟ್ಟಿಯಾದ ಕಾಲುಗಳು ನಮ್ಮ ಮಕ್ಕಳಿಗಿವೆ. ಪುಸ್ತಕದ ಜೊತೆಗೆ ಸಂಜೆಯ ಒಂದು ಗಂಟೆ ಮೈದಾನವನ್ನೂ ಅವರಿಗೆ ಕೊಡೋಣ. ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ.